ಮೂಗಿನ ಬಾಗಿಲ ಕಾವಲು

ಮಗಳಿಗೆ ಜ್ವರ ಬಿಟ್ಟು ಹತ್ತು ದಿನ ಆಯ್ತು, ಕೆಮ್ಮು ಮಾತ್ರ ಬಿಟ್ಟಿಲ್ಲ. ರಾತ್ರಿ ಪಕ್ಕದಲ್ಲಿ ಮಲಗಿ ಬೆನ್ನ ಮೇಲೆ ಕೈಯಿಟ್ಟರೆ ಎದೆಯೊಳಗಿನ ಗೊರಗೊರ ಅಂಗೈಗೆ ತಾಗುತ್ತೆ. ವೈರಸ್ ಹೋದ ಮೇಲೂ ಯಾಕಿಷ್ಟು ಅಂದರೆ, ಅದು ಶ್ವಾಸನಾಳದ ಒಳಪದರವನ್ನೇ ಹಾಳು ಮಾಡಿ ಹೋಗಿರುತ್ತೆ. ಸೆಕೆಂಡಿಗೆ ಸುಮಾರು 10–15 ಸಲ ಬಡಿದು ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಮತ್ತೆ ಬೆಳೆಯೋಕೆ ವಾರಗಳೇ ಬೇಕು. ಅಲ್ಲಿಯವರೆಗೆ ಆ ಕೆಲಸ ಕೆಮ್ಮಿನದು.

ಓದುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಐಜಿಎ ಅನ್ನೋ ಪ್ರತಿಕಾಯ, ಅಂದರೆ ರೋಗಾಣುವಿಗೆ ಅಂಟಿ ಅದನ್ನು ತಡೆಯೋ ಪ್ರೋಟೀನ್. ರಕ್ತದಲ್ಲಿ ಹೆಚ್ಚಾಗಿ ಓಡಾಡುವ ಐಜಿಜಿ ಬೇರೆ. ಈ ಐಜಿಎ ಲೋಳೆಪೊರೆಯ ಅಡಿಯಲ್ಲೇ ತಯಾರಾಗಿ, ಎರಡೆರಡು ಜೋಡಿಯಾಗಿ, ಜೀವಕೋಶಗಳ ಒಳಗಿಂದಲೇ ದಾಟಿಕೊಂಡು ಮೂಗಿನ ಲೋಳೆಗೆ ಬಂದು ಸೇರುತ್ತೆ. ವೈರಸ್ ಜೀವಕೋಶಕ್ಕೆ ಅಂಟುವ ಮೊದಲೇ ಹಿಡಿದುಬಿಡುತ್ತೆ. ಜೊತೆಗೆ ಅಲ್ಲೇ ಬೀಡುಬಿಟ್ಟ ಸ್ಮೃತಿ ಟಿ ಕೋಶಗಳು, ಅಂದರೆ ಹಿಂದೆ ಕಂಡ ವೈರಸ್ಸನ್ನು ನೆನಪಿಟ್ಟುಕೊಳ್ಳೋ ರಕ್ಷಣಾ ಕೋಶಗಳು. ಹಳೇ ವೈರಸ್ ಮತ್ತೆ ಬಂದರೆ ರಕ್ತದಿಂದ ನೆರವು ಬರಲಿ ಅಂತ ಅವು ಕಾಯಲ್ಲ.

ಬೇಜಾರಿನ ಸಂಗತಿ, ಈ ಕಾವಲು ಬಹಳ ಕಾಲ ಗಟ್ಟಿಯಾಗಿ ನಿಲ್ಲಲ್ಲ, ತಿಂಗಳುಗಳಲ್ಲೇ ತೆಳುವಾಗುತ್ತೆ. ಮಾಮೂಲಿ ನೆಗಡಿ ತರುವ ಕೊರೊನಾ ವೈರಸ್‌ಗಳು ವರ್ಷದೊಳಗೇ ಮತ್ತೆ ಅಂಟಬಲ್ಲವು. ತೋಳಿಗೆ ಚುಚ್ಚುವ ಲಸಿಕೆ ಶ್ವಾಸಕೋಶವನ್ನು ಚೆನ್ನಾಗಿ ಕಾಯುತ್ತೆ, ಮೂಗಿನ ಬಾಗಿಲಲ್ಲಿ ಅಷ್ಟು ಬಿಗಿ ಇರಲ್ಲ. ಮೂಗಿಗೇ ಹಾಕುವ ಲಸಿಕೆಗಳ ಸಂಶೋಧನೆಗೆ ಇನ್ನೂ ಒತ್ತು ಸಿಗಬೇಕು ಅಂತ ಮನಸಾರೆ ಅನ್ನಿಸುತ್ತೆ.

ಈಗಷ್ಟೇ ನಿದ್ದೆ ಹೋದಳು. ಮೂಗು ಇನ್ನೂ ಕಟ್ಟಿದೆ, ಬಾಯಲ್ಲೇ ಉಸಿರಾಡ್ತಿದ್ದಾಳೆ.