ಬೋರ್ಡ್ ಹಾಕದ ಮನೆಗಳ ಹುಡುಕಾಟ

ಮೈಸೂರಿನ ಹಳೇ ಬಡಾವಣೆಗಳಲ್ಲಿ ಮನೆ ಮಾರುವವರು ಗೇಟಿಗೆ ಬೋರ್ಡ್ ಹಾಕುವುದು ಕಡಿಮೆ. ‘ಮನೆ ಬಾಡಿಗೆಗೆ ಇದೆ’ ಅಂತ ಧಾರಾಳವಾಗಿ ತಗುಲಿಹಾಕುತ್ತಾರೆ. ‘ಮಾರಾಟಕ್ಕಿದೆ’ ಅನ್ನುವುದಕ್ಕೆ ಮಾತ್ರ ಮುಜುಗರ. ಸಾಲ ಜಾಸ್ತಿ ಆಯ್ತಾ, ಅಣ್ಣತಮ್ಮಂದಿರು ಕಿತ್ತಾಡಿಕೊಂಡರಾ ಅಂತ ಇಡೀ ಬೀದಿ ಮಾತಾಡುತ್ತದೆ. ಹಾಗಾಗಿ ಮಾರುವ ಮನೆಗಳೂ ಇರುತ್ತವೆ, ಮಾರುವವರೂ ಇರುತ್ತಾರೆ, ನಮ್ಮ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಜಾಹೀರಾತು ಅಂದರೆ ಮಾರುವವರ ಕೆಲಸ ಅಂತ ಅಂದುಕೊಂಡಿರುತ್ತೇವೆ, ಅಲ್ವಾ? ನಾನೂ ನನ್ನ ಭಾವನೂ ಸೇರಿ ಹಳೇ ಮನೆ ಕೊಂಡು ಮಾರುವ ವ್ಯವಹಾರಕ್ಕೆ ಇಳಿದಾಗ, ಕೊಳ್ಳುವ ನಾವೇ ಜಾಹೀರಾತು ಮಾಡಬೇಕಾಗಿ ಬಂತು.

ನಮ್ಮದು ದೊಡ್ಡ ಯೋಜನೆಯೇನಲ್ಲ. ಥರ್ಟಿ-ಫಾರ್ಟಿ ಸೈಟಿನ ಹಳೇ ಮನೆ ಕೊಳ್ಳುವುದು, ವೈರಿಂಗ್, ಪೈಪು, ಬಾತ್‌ರೂಮು ಸರಿ ಮಾಡಿಸಿ ಬಣ್ಣ ಹೊಡೆಸುವುದು, ಆಮೇಲೆ ಮಾರುವುದು. ಗಿರಾಕಿ ಸಿಗದಿದ್ದರೆ ಬಾಡಿಗೆಗೆ ಕೊಡುವುದು. ಕೇಳಲು ಸುಲಭ. ಆದರೆ ಲೆಕ್ಕ ಹಾಕಿ ನೋಡಿ. ಮುದ್ರಾಂಕ ಶುಲ್ಕ 5%. ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ 31ರಿಂದ 2% ಆಯಿತು. ಎಲ್ಲ ಸೇರಿ ನಗರದಲ್ಲಿ 7.6%. ಅಂದರೆ 60 ಲಕ್ಷದ ಮನೆಗೆ 4.56 ಲಕ್ಷ ರಿಜಿಸ್ಟ್ರೇಷನ್‌ಗೇ ಹೋಯಿತು. ನಾಳೆ ನಮ್ಮಿಂದ ಕೊಳ್ಳುವವರೂ ಇಷ್ಟೇ ಕಟ್ಟಬೇಕು, ಅದಕ್ಕೇ ಅವರೂ ಚೌಕಾಸಿ ಮಾಡುತ್ತಾರೆ. ಎಲ್ಲರಿಗೂ ಗೊತ್ತಿರುವ ಮನೆಯನ್ನು ಎಲ್ಲರೂ ಹೇಳುವ ಬೆಲೆಗೆ ಕೊಂಡರೆ ನಮಗೆ ಉಳಿಯುವುದು ರಿಪೇರಿಯ ಧೂಳು ಮಾತ್ರ. ಮಾರುವ ಆಲೋಚನೆ ಬಂದಾಗಲೇ ಅವರು ನಮಗೆ ಹೇಳಬೇಕು. ಅದಕ್ಕೆ ಏನು ಮಾಡುವುದು?

ಭಾವನಿಗೆ ಫ್ಲೆಕ್ಸ್ ಮೇಲೆ ಪ್ರೀತಿ. ಸರ್ಕಲ್ಲಿನಲ್ಲಿ ದೊಡ್ಡದಾಗಿ ‘ಹಳೇ ಮನೆ ಕೊಳ್ಳುತ್ತೇವೆ’ ಅಂತ ಹಾಕಿಸೋಣ ಅಂದರು. ತೆರೆದ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರಿಂದಲೂ ಕಾನೂನಿದೆ. ಅನುಮತಿ ಇಲ್ಲದೆ ಹಾಕಿದರೆ ದಂಡ, ಜೈಲು ಎರಡಕ್ಕೂ ಅವಕಾಶವಿದೆ. ಊರ ತುಂಬ ಫ್ಲೆಕ್ಸ್ ಇವೆಯಲ್ಲ ಅಂದರೆ, ಇವೆ, ನಿಜ. ಆದರೆ ನನ್ನ ತಕರಾರು ಬರೀ ಕಾನೂನಿನದಲ್ಲ. ಪಕ್ಕದ ಮನೆಯವರಿಗೇ ಹೇಳಲು ನಾಚುವವರು ಸರ್ಕಲ್ಲಿನಲ್ಲಿ ನಿಂತು ನಂಬರ್ ಬರೆದುಕೊಳ್ಳುತ್ತಾರಾ?

ಪ್ರಾಪರ್ಟಿ ವೆಬ್‌ಸೈಟುಗಳನ್ನು ದಿನಾ ನೋಡುತ್ತಿದ್ದೆವು. ಅಲ್ಲಿ ಮನೆ ಹಾಕಿದವರು ಊರಿಗೆಲ್ಲ ಹೇಳಿ ಆಗಿರುತ್ತದೆ, ನಾವು ಫೋನ್ ಮಾಡುವ ಹೊತ್ತಿಗೆ ಹತ್ತಾರು ಜನ ಮಾತಾಡಿರುತ್ತಾರೆ. ಯಾವ ರಸ್ತೆಯಲ್ಲಿ ಎಷ್ಟು ಕೇಳುತ್ತಿದ್ದಾರೆ ಅಂತ ತಿಳಿಯಲು ಮಾತ್ರ ಅದು ಸಾಕು. ಕೇಳುವ ಬೆಲೆಗೂ ಕೊನೆಗೆ ಕುದುರುವ ಬೆಲೆಗೂ ದೂರ ಇರುತ್ತದೆ ಅನ್ನುವುದು ಬೇರೆ ಮಾತು.

ಬ್ಯಾಂಕ್ ಹರಾಜಿನ ಪ್ರಕಟಣೆಗಳು ಪೇಪರಿನಲ್ಲಿ ತಾವಾಗೇ ಬರುತ್ತವೆ, ಅದಕ್ಕೆ ನಮ್ಮ ಜಾಹೀರಾತೇ ಬೇಡ. ಆದರೆ ಹರಾಜು ನಮ್ಮ ಹೆಸರಿಗೆ ನಿಂತ ತಕ್ಷಣ ಕಾಲು ಭಾಗ ಕಟ್ಟಬೇಕು, ಮಾರಾಟ ಖಾಯಂ ಆದ ಮೇಲೆ ಉಳಿದದ್ದಕ್ಕೆ ಸಾಮಾನ್ಯವಾಗಿ 15 ದಿನ. ಒಳಗೆ ಯಾರಾದರೂ ವಾಸವಿದ್ದರೆ ಬಿಡಿಸುವ ತಲೆನೋವು ಬೇರೆ. ಮೊದಲ ಮನೆಗೇ ಇದು ಬೇಡ ಅಂತ ಬಿಟ್ಟೆವು.

ಉಳಿದದ್ದು ಕರಪತ್ರ. ನಾನು ಬರೆದ ಮೊದಲ ಕರಡು ಹೀಗಿತ್ತು: ‘ಹಳೆಯ ಮನೆಗಳನ್ನು ಕೊಳ್ಳುತ್ತೇವೆ. ತಕ್ಷಣ ಹಣ.’ ಹೆಂಡತಿ ಓದಿ ನಕ್ಕಳು. “ಗುಜರಿ ಗಾಡಿಯವರು ಮೈಕಲ್ಲಿ ಕೂಗಿದ ಹಾಗಿದೆ ರೀ” ಅಂದಳು. ಆಮೇಲೆ ತಾನೇ ಪೆನ್ನು ತಗೊಂಡಳು. ನಾವು ಇದೇ ಊರಿನ ಸಂಸಾರಸ್ಥರು, ಮನೆ ಕೊಡುವ ಆಲೋಚನೆ ಇದ್ದರೆ ಬಂದು ಮಾತಾಡುತ್ತೇವೆ, ವಿಷಯ ನಮ್ಮಲ್ಲೇ ಇರುತ್ತದೆ ಅಂತ ಬರೆದಳು. ಕೆಳಗೆ ನನ್ನ ನಂಬರಿನ ಜೊತೆ ತನ್ನ ನಂಬರನ್ನೂ ಹಾಕಿದಳು. ಹೆಂಗಸರು ಗುರುತಿಲ್ಲದ ಗಂಡಸಿಗೆ ಮನೆ ವಿಷಯಕ್ಕೆ ಫೋನ್ ಮಾಡೋದಿಲ್ಲ ಅನ್ನುವುದು ಅವಳ ವಾದ.

ಆಗ ಆಷಾಢ. ಈ ತಿಂಗಳಲ್ಲಿ ಯಾರು ಮನೆ ಮಾರುತ್ತಾರೆ, ಶ್ರಾವಣಕ್ಕೆ ಹಂಚೋಣ ಅಂದರು ಭಾವ. ನನಗೆ ಆಷಾಢವೇ ಸರಿ ಅನಿಸಿತು. ಶ್ರಾವಣ ಬಂದರೆ ಪೇಪರಿನೊಳಗೆ ಸೀರೆ ಅಂಗಡಿ, ಚಿನ್ನದ ಅಂಗಡಿ, ಲೇಔಟಿನವರ ಕರಪತ್ರಗಳು ತುಂಬಿ ತುಳುಕುತ್ತವೆ. ಆಷಾಢದಲ್ಲಿ ವ್ಯವಹಾರ ನಡೆಯದಿದ್ದರೂ ಮನೆಯೊಳಗೆ ಮಾತುಕತೆ ನಡೆಯುತ್ತದೆ.

ಪೇಪರ್ ಏಜೆಂಟ್ ನಮಗಿಂತ ಬುದ್ಧಿವಂತ. “ಎಲ್ಲಾ ರೋಡಿಗೂ ಬೇಡ ಸಾರ್. ಬಾಡಿಗೆಯವರು ಜಾಸ್ತಿ ಇರೋ ಕಡೆ ಹಾಕಿ ಏನು ಪ್ರಯೋಜನ? ವಯಸ್ಸಾದವರೇ ಇರೋ ರೋಡುಗಳನ್ನ ನಾನು ಹೇಳ್ತೀನಿ” ಅಂದ. ಯಾರ ಮನೆಗೆ ಎಷ್ಟು ವರ್ಷದಿಂದ ಯಾವ ಪೇಪರು ಅಂತ ಅವನಿಗೆ ಗೊತ್ತು. ಮಗ ಅಮೆರಿಕಕ್ಕೆ ಹೋದ ಮೇಲೆ ಇಂಗ್ಲಿಷ್ ಪೇಪರ್ ನಿಲ್ಲಿಸಿದವರು ಯಾರು ಅನ್ನುವುದೂ ಗೊತ್ತು. ಕರಪತ್ರ ಹಾಕಿದ್ದಕ್ಕೆ ಅವನಿಗೆ ಕೊಟ್ಟ ದುಡ್ಡಿಗಿಂತ ಈ ಮಾತಿಗೇ ಬೆಲೆ ಜಾಸ್ತಿ.

ಭಾನುವಾರ ಬೆಳಗ್ಗೆ ಕಾಫಿಗೆ ಮುಂಚೆಯೇ ಮೊದಲ ಫೋನ್. ಬ್ರೋಕರ್. “ಬಜೆಟ್ ಎಷ್ಟು ಸಾರ್? ಈಸ್ಟ್ ಫೇಸಿಂಗ್ ಸೈಟ್ ಇದೆ, ಪೇಪರ್ ಕ್ಲಿಯರ್” ಅಂದರು. ಎರಡನೆಯವರೂ ಬ್ರೋಕರ್. ಆಮೇಲೆ ಸಾಲ ಕೊಡಿಸುವವರು, ಪೇಂಟಿಂಗ್ ಕಂಟ್ರಾಕ್ಟರು. ಒಬ್ಬರು ತಮ್ಮ ಮನೆಯ ಅಳತೆ, ಮಹಡಿ, ಬೋರ್‌ವೆಲ್ ಎಲ್ಲ ವಿವರವಾಗಿ ಹೇಳಿ, ಎಷ್ಟು ಬರಬಹುದು ಅಂತ ವಿಚಾರಿಸಿ, “ಮಾರಲ್ಲ, ಸುಮ್ನೆ ಕೇಳಿದೆ” ಅಂತ ಇಟ್ಟರು. ಇನ್ನೊಬ್ಬರ ಮನೆಯ ಖಾತೆ ತೀರಿಕೊಂಡ ತಂದೆಯ ಹೆಸರಲ್ಲೇ ಇತ್ತು, ತಮ್ಮಂದಿರ ಜೊತೆ ಮಾತಿಲ್ಲ.

ಕರಪತ್ರದಲ್ಲಿ ‘ಬ್ರೋಕರ್‌ಗಳು ಬೇಡ’ ಅಂತ ನಾವು ಬೇಕೆಂದೇ ಹಾಕಿರಲಿಲ್ಲ. ಬೋರ್ಡ್ ಹಾಕದ ಮನೆಗಳ ಪಟ್ಟಿ ಇರುವುದು ಅವರ ತಲೆಯಲ್ಲೇ. ಫೋನ್ ಮಾಡಿದವರಲ್ಲಿ ಬಜೆಟ್ ಕೇಳಿದವರನ್ನು ಬಿಟ್ಟು, ಎಂಥ ಮನೆ, ಎಷ್ಟು ರಿಪೇರಿ ತಡೆದುಕೊಳ್ಳುತ್ತೀರಿ ಅಂತ ಕೇಳಿದ ಒಬ್ಬರನ್ನು ಮಧ್ಯಾಹ್ನ ಟೀಗೆ ಕರೆದೆವು. ಅವರು ನೇರವಾಗಿಯೇ ಹೇಳಿದರು. “ಒಳ್ಳೆ ಮನೆ ಬಂದ್ರೆ ನಾನು ಮೊದಲು ಫೋನ್ ಮಾಡೋದು ಕಮಿಷನ್ ಕಟ್ ಮಾಡದೇ ಇರೋರಿಗೆ. ನೀವು ಮನೆ ನೋಡಿ, ಮಾವನ್ನ ಕೇಳ್ತೀನಿ, ವಾಸ್ತು ಕೇಳ್ತೀನಿ ಅಂತ ತಿಂಗಳು ಎಳೆದ್ರೆ ಎರಡನೇ ಸಲ ಕರೆಯಲ್ಲ.” ರಿಜಿಸ್ಟ್ರೇಷನ್ ದಿನವೇ ಕಮಿಷನ್, ಬೇಡದ ಮನೆಯಾದರೆ ಮರುದಿನವೇ ಬೇಡ ಅಂತ ಹೇಳುವುದು ಅಂತ ಒಪ್ಪಂದವಾಯಿತು. ನನ್ನ ಲೆಕ್ಕದಲ್ಲಿ ಇದೂ ಮಾರ್ಕೆಟಿಂಗೇ. ಪ್ರಿಂಟಿಂಗ್ ಖರ್ಚಿಲ್ಲ ಅಷ್ಟೇ.

ಸಂಜೆ ಹೆಂಡತಿಯ ಫೋನಿಗೆ ಒಬ್ಬ ಅಜ್ಜಿಯ ಕರೆ ಬಂತು. ತುಂಬ ಹೊತ್ತು ಮೊಣಕಾಲು ನೋವು, ಹಿತ್ತಲಿನ ಮಾವಿನ ಮರ, ಚಾಮುಂಡಿ ಬೆಟ್ಟದ ಆಷಾಢ ಶುಕ್ರವಾರದ ರಶ್ಶು. ಕೊನೆಗೆ ವಿಷಯ. ಯಜಮಾನರು ತೀರಿಕೊಂಡಿದ್ದಾರೆ, ವಿಲ್ ಬರೆದಿಲ್ಲ, ಒಬ್ಬ ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ. “ಬ್ರೋಕರ್ ಬಂದು ಹೋದ್ರೆ ರೋಡಿಗೆಲ್ಲಾ ಗೊತ್ತಾಗತ್ತೆ ಕಣಮ್ಮ. ನೀನು ಯಾರಿಗೂ ಹೇಳಲ್ಲ ಅಂತ ಬರ್ದಿದ್ದೀಯಲ್ಲ, ಅದಕ್ಕೇ ಮಾಡ್ದೆ.”

ನಾವು ನಡೆದುಕೊಂಡೇ ಹೋದೆವು, ಟೇಪು ಹಿಡಿಯಲಿಲ್ಲ. ನೋಡಿದವರಿಗೆ ನೆಂಟರು ಅನಿಸಬೇಕು ಅಂತ ಅಜ್ಜಿಯ ಕಂಡಿಷನ್. ಮನೆ ಗಟ್ಟಿಯಾಗಿದೆ, ಕೆಲಸವಿರುವುದು ಕಾಗದದಲ್ಲಿ. ಮೊದಲು ವಂಶವೃಕ್ಷ, ಖಾತೆ ಬದಲಾವಣೆ. ಮೂವರದೂ ಸಮಪಾಲು, ಮೂವರೂ ಸಹಿ ಹಾಕಬೇಕು. ಮಗ ಬರಲಾಗದಿದ್ದರೆ ಅಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸಬೇಕು. ಅವನು ಅನಿವಾಸಿ, ಆದ್ದರಿಂದ ಅವನ ಪಾಲಿನ ಹಣದಲ್ಲಿ ಬರೀ 1% ಟಿಡಿಎಸ್ (ಕೊಳ್ಳುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದರೆ ಸಾಲದು, ಆಡಿಟರ್‌ನ ಕೇಳಬೇಕು. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇ.ಸಿ., ಅಂದರೆ ಆಸ್ತಿಯ ಮೇಲಿನ ಸಾಲ, ವ್ಯವಹಾರಗಳ ಪಟ್ಟಿ ತೆಗೆಸಿ, ಹಳೇ ವರ್ಷಗಳದ್ದನ್ನು ಕಚೇರಿಯಲ್ಲಿ ಹುಡುಕಿಸಿದಾಗ ಇನ್ನೊಂದು ಸಿಕ್ಕಿತು. ಯಜಮಾನರು ಮನೆ ಕಟ್ಟಲು ಮಾಡಿದ್ದ ಸಾಲ ಎಂದೋ ತೀರಿದೆ, ಅಡಮಾನ ಬಿಡುಗಡೆ ಪತ್ರ ಮಾತ್ರ ನೋಂದಣಿಯಾಗಿಲ್ಲ. ಆ ಪತ್ರಕ್ಕಾಗಿ ಈಗ ಓಡಾಡುತ್ತಿದ್ದೇವೆ.

ಈ ಓಡಾಟ ನೋಡಿದ ಮೇಲೆ ಹೆಂಡತಿ ಮುಂದಿನ ಕರಪತ್ರಕ್ಕೆ ಒಂದು ಸಾಲು ಸೇರಿಸಿದ್ದಾಳೆ: ‘ಖಾತೆ, ಹಳೇ ಸಾಲದ ಕಾಗದ ಬಾಕಿ ಇದ್ದರೂ ಪರವಾಗಿಲ್ಲ, ಜೊತೆಗೆ ನಿಂತು ಮಾಡಿಸುತ್ತೇವೆ.’ ಪೇಪರ್ ಏಜೆಂಟ್ ಈ ಸಲ ಸರಸ್ವತಿಪುರಂ ಕಡೆ ಹಾಕೋಣ ಅಂದಿದ್ದಾನೆ. ಭಾವ ಫ್ಲೆಕ್ಸ್ ಆಸೆ ಬಿಟ್ಟಿದ್ದಾರೆ. ಕರಪತ್ರದಲ್ಲಾದರೂ ತಮ್ಮ ಫೋಟೊ ಇರಲಿ ಅಂತಿದ್ದಾರೆ. ಅದಕ್ಕೆ ನನ್ನ ಹೆಂಡತಿ ಇನ್ನೂ ಒಪ್ಪಿಲ್ಲ.