ಹಳೆಯ ಮನೆ ಸರಿಪಡಿಸಲು ಆರ್ಕಿಟೆಕ್ಟ್ ಬೇಕೇ?

ವಿಜಯಪುರದ ಹಳೆಯ ಊರಿನಲ್ಲಿರುವ ನಮ್ಮ ಮನೆಯ ನವೀಕರಣ ಶುರುವಾಗುವ ಮೊದಲೇ ನಿಂತುಹೋದದ್ದನ್ನು ಬಲ್ಲ ಬಂಧುಗಳೂ ನೆರೆಯವರೂ ನನ್ನನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದೇ: “ಆರ್ಕಿಟೆಕ್ಟ್‌ಗೆ ಅಷ್ಟು ಹಣ ಕೊಟ್ಟು ಏನು ಬಂತು? ಗೌಂಡಿಗೆ ಹೇಳಿದ್ದರೆ ಸಾಕಿತ್ತಲ್ಲವೇ?” ಸಾಕಾಗುತ್ತಿರಲಿಲ್ಲ ಎಂಬುದೇ ಇಂದಿಗೂ ನನ್ನ ಉತ್ತರ. ಆರ್ಕಿಟೆಕ್ಟ್ ಬೇಕು, ಆದರೆ ಇರುವ ಮನೆಯನ್ನು ಅಳೆದು, ಅದು ನಿಂತ ಜಾಗದ ಕಾನೂನು ತಿಳಿದುಕೊಂಡ ಮೇಲೆಯೇ ಪೆನ್ಸಿಲ್ ಹಿಡಿಯುವವರು ಬೇಕು. ನಮಗೆ ಸಿಕ್ಕವರು ಈ ಎರಡನ್ನೂ ಮಾಡಲಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಾಗಿರಲಿಲ್ಲ. ಮಳೆಗಾಲದಲ್ಲಿ ಸೋರುವ ಮಣ್ಣಿನ ಮಾಳಿಗೆ ಭದ್ರವಾಗಬೇಕು, ಕತ್ತಲೆಯ ಅಡುಗೆಮನೆಗೆ ಬೆಳಕು ಬರಬೇಕು, ಮಂಡಿನೋವಿನ ಅವ್ವ ರಾತ್ರಿ ಹಿತ್ತಲಿಗೆ ಹೋಗದಂತೆ ಮನೆಯೊಳಗೇ ಬಚ್ಚಲು ಮತ್ತು ಶೌಚಾಲಯ ಆಗಬೇಕು. ಇದನ್ನು ಬರೆದೇ ಕೊಟ್ಟಿದ್ದೆವು. ಆರ್ಕಿಟೆಕ್ಟ್ ಮೊದಲ ದಿನ ಮನೆಯೊಳಗೆ ಓಡಾಡಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಒಪ್ಪಿದ ಶುಲ್ಕದ ಅರ್ಧವನ್ನು ಪಡೆದ ನಂತರ ಅವರು ಕಳಿಸಿದ್ದು ಬಣ್ಣಬಣ್ಣದ ತ್ರೀ-ಡಿ ಚಿತ್ರಗಳನ್ನು: ಮುಂಭಾಗಕ್ಕೆ ದೊಡ್ಡ ಗಾಜು, ಮೇಲೊಂದು ಮಹಡಿ, ಒಳಗಿನಿಂದ ಮೇಲೇರುವ ಮೆಟ್ಟಿಲು. ಆ ಗಾಜಿನ ಮುಖ ಪಶ್ಚಿಮಕ್ಕೆ ಇತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರಿನಲ್ಲಿ ಸಂಜೆಯ ಬಿಸಿಲನ್ನು ನೇರವಾಗಿ ಪಡಸಾಲೆಗೆ ಕರೆಯುವ ಮನೆ ಅದು. ಅವ್ವನ ಬಚ್ಚಲನ್ನು ಮಹಡಿಯ ಮೇಲೆ ತೋರಿಸಲಾಗಿತ್ತು.

ಚಿತ್ರದ ಜೊತೆ ಬಂದ ನಕ್ಷೆಯನ್ನು ನಾನು ನಮ್ಮ ಗೌಂಡಿಗೆ ತೋರಿಸಿದೆ. ಅವರು ಅದನ್ನು ಪಡಸಾಲೆಯ ಫರಸಿಯ ಮೇಲೆ ಹರಡಿ, ಬೆರಳಿಟ್ಟು ಒಂದೊಂದೇ ಗೆರೆ ನೋಡುತ್ತಾ ಹೋದರು. ಆಮೇಲೆ ತಲೆ ಎತ್ತಿ, “ಸರ್ರ, ಇದರಾಗ ನಮ್ಮ ಕಂಬನ ಇಲ್ಲಲ್ರಿ” ಎಂದರು. ನಿಜವಾಗಿಯೂ ಇರಲಿಲ್ಲ. ಪಡಸಾಲೆಯ ನಡುವಿನ ಸಾಗವಾನಿ ಕಂಬ ನಿಂತಿರುವ ಜಾಗದಲ್ಲೇ ಮೆಟ್ಟಿಲಿನ ಮೊದಲ ಪಾವಟಿಗೆ ಬರೆಯಲಾಗಿತ್ತು. ಅವರು ಟೇಪು ಹಿಡಿದು ಗೋಡೆ ಅಳೆದರು. ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ ನಕ್ಷೆಯಲ್ಲಿ ಒಂಬತ್ತು ಇಂಚಾಗಿತ್ತು. ಆ ಲೆಕ್ಕದಲ್ಲಿ ಪ್ರತಿ ಕೋಣೆಯೂ ಕಾಗದದ ಮೇಲೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು.

ಇದು ಕೇವಲ ಅಳತೆಯ ತಪ್ಪಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಂಥ ಮನೆಯಲ್ಲಿ ಮಾಳಿಗೆಯ ಮಣ್ಣಿನ ಭಾರ ಜಂತಿಗೆ (ಸಾಲಾಗಿ ಹಾಕಿದ ಸಣ್ಣ ಮರದ ತುಂಡುಗಳಿಗೆ), ಜಂತಿಯಿಂದ ತೊಲೆಗೆ (ದಪ್ಪ ಅಡ್ಡಮರಕ್ಕೆ), ತೊಲೆಯಿಂದ ಕಂಬಕ್ಕೆ ಇಳಿಯುತ್ತದೆ. ಕಲ್ಲುಮಣ್ಣಿನ ಗೋಡೆ ಬಹುಮಟ್ಟಿಗೆ ಬಿಸಿಲು, ಮಳೆ, ಕಳ್ಳರನ್ನು ತಡೆಯುವ ಕೆಲಸ ಮಾಡುತ್ತದೆ. ಕಂಬ ತೆಗೆದು ಗೋಡೆಯ ಮೇಲೆ ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಸ್ಲ್ಯಾಬ್ ಹಾಕಬೇಕೆಂದು ಆ ನಕ್ಷೆ ಹೇಳುತ್ತಿತ್ತು. ಐದು ಇಂಚಿನ ಸ್ಲ್ಯಾಬ್ ಒಂದು ಚದರ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. ಮಣ್ಣಿನ ಮಾಳಿಗೆಯೇನೂ ಹಗುರವಲ್ಲ, ಆದರೆ ಅದರ ಭಾರ ಎಂದೂ ಬೀಳದ ಗೋಡೆಯ ಮೇಲೆ ಸ್ಲ್ಯಾಬನ್ನೂ ಅದರ ಮೇಲೊಂದು ಮಹಡಿಯನ್ನೂ ಹೊರಿಸುವ ಮೊದಲು ಪಾಯಾ ತೋಡಿಸಿ ನೋಡಬೇಕು, ಸ್ಟ್ರಕ್ಚರಲ್ ಎಂಜಿನಿಯರರಿಂದ ಲೆಕ್ಕ ಹಾಕಿಸಬೇಕು. ಈ ಮಾತೆತ್ತಿದಾಗ ಬಂದ ಉತ್ತರ, “ಅದೆಲ್ಲ ಕೆಲಸ ನಡೆದಾಗ ಹೊಂದಿಸಿಕೊಳ್ಳೋಣ” ಎಂಬುದು. ಗೋಡೆಗೆ ಸಿಮೆಂಟ್ ಗಿಲಾವಿ (ಪ್ಲಾಸ್ಟರ್) ಎಂದೂ ಬರೆದಿದ್ದರು. ನೆಲದಿಂದ ಏರುವ ತೇವ ಸುಣ್ಣದ ಗಿಲಾವಿಯಲ್ಲಾದರೆ ಹೊರಗೆ ಆರಿಹೋಗುತ್ತದೆ; ಸಿಮೆಂಟು ಅದನ್ನು ಗೋಡೆಯೊಳಗೇ ಕಟ್ಟಿಹಾಕುತ್ತದೆ, ಕೆಲವೇ ವರ್ಷಗಳಲ್ಲಿ ಸವಳು (ಉಪ್ಪಿನ ಬಿಳಿ ಪುಡಿ) ಎದ್ದು ಪದರ ಉದುರುತ್ತದೆ. ನಮ್ಮ ಓಣಿಯಲ್ಲೇ ಅಂಥ ಗೋಡೆಗಳಿವೆ.

ಎಲ್ಲಕ್ಕಿಂತ ನೋವಾದದ್ದು ಮುಂದಿನ ಸಂಗತಿಯಿಂದ. ನಮ್ಮ ಮನೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕವೊಂದರ 100 ಮೀಟರ್ ಒಳಗೆ ಬರುತ್ತದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕೂ ಮೊದಲಿನಿಂದ ಇರುವ ಮನೆಯ ದುರಸ್ತಿ, ನವೀಕರಣಕ್ಕೆ ಮಾತ್ರ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಗೋಳಗುಮ್ಮಟ, ಜುಮ್ಮಾ ಮಸೀದಿ, ಬಾರಾ ಕಮಾನ್, ಇಬ್ರಾಹಿಂ ರೋಜಾ ಎಲ್ಲವೂ ಇರುವ ಈ ಊರಿನಲ್ಲಿ ಯಾವುದೇ ಮನೆಯ ಕೆಲಸ ಒಪ್ಪಿಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ನಮಗೆ ಸುಳಿವು ಸಿಕ್ಕಿದ್ದು ಮಹಡಿಯ ಚಿತ್ರ ನೋಡಿ ಗಾಬರಿಯಾದ ನೆರೆಮನೆಯ ಹಿರಿಯರಿಂದ. ಕಟ್ಟಲು ಕಾನೂನೇ ಬಿಡದ ಮಹಡಿಯ ಚಿತ್ರಕ್ಕೆ ನಾವು ಶುಲ್ಕ ತೆತ್ತಿದ್ದೆವು.

ಆದ್ದರಿಂದ ಕೇಳಿದವರಿಗೆ ನಾನು ಹೇಳುವುದಿಷ್ಟು. ಆರ್ಕಿಟೆಕ್ಟ್ ಎಂಬ ಹೆಸರು ಬಳಸಲು 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು, ಸಂಖ್ಯೆ ಕೇಳಿ ಪಡೆಯಿರಿ. ಆದರೆ ನೋಂದಣಿ ಇದ್ದಮಾತ್ರಕ್ಕೆ ಹಳೆಯ ಮನೆ ಅರ್ಥವಾಗುತ್ತದೆ ಎಂದಲ್ಲ, ನಮ್ಮವರಿಗೂ ನೋಂದಣಿ ಇತ್ತು. ಅವರು ಕೈಹಾಕಿದ ಒಂದು ಹಳೆಯ ಮನೆಯನ್ನು ಹೋಗಿ ನೋಡಿ, ಮನೆಯವರ ಜೊತೆ ಮಾತಾಡಿ. ಒಪ್ಪಂದದಲ್ಲಿ ಮೊದಲ ಕಂತು ಇರುವ ಮನೆಯ ಅಳತೆಯ ನಕ್ಷೆಗೆ, ಎರಡನೆಯದು ಅನುಮತಿಯ ಅರ್ಜಿಗೆ ಎಂದು ಬರೆಸಿ. ಕೆಲಸ ನಡೆಯುವಾಗ ಎಷ್ಟು ಸಲ ಬಂದು ನೋಡುತ್ತಾರೆ ಎಂಬುದೂ ಅದರಲ್ಲಿರಲಿ. ಚಿತ್ರ ಕೊನೆಗೆ ಬಂದರೆ ಸಾಕು.

ದೂರು ಕೊಡಲಿಲ್ಲವೇ ಎಂದೂ ಕೆಲವರು ಕೇಳುತ್ತಾರೆ. ವೃತ್ತಿ ನಡತೆಯ ಬಗ್ಗೆ ಆರ್ಕಿಟೆಕ್ಟರ ನೋಂದಣಿ ನೋಡಿಕೊಳ್ಳುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ಗೆ, ಸೇವೆಯ ಕೊರತೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಇದೆ. ನಾವು ಉಳಿದ ಶುಲ್ಕ ಕೊಡುವುದಿಲ್ಲವೆಂದು ಕಾರಣ ಸಹಿತ ಪತ್ರ ಬರೆದೆವು. ಅವರು ಮತ್ತೆ ಕೇಳಲಿಲ್ಲ. ಆ ಹಣದಲ್ಲಿ ಈಗ ಇನ್ನೊಬ್ಬ ಆರ್ಕಿಟೆಕ್ಟ್ ಮನೆಯನ್ನು ಅಳೆಯುತ್ತಿದ್ದಾರೆ. ಅನುಮತಿ ಬರುವವರೆಗೆ ಮಾಳಿಗೆಯ ಕೆಲಸಕ್ಕೆ ಕೈಹಾಕುವಂತಿಲ್ಲ. ಅವ್ವನ ಬಚ್ಚಲಿಗೆ ಅಡುಗೆಮನೆಯ ಪಕ್ಕದ ಕಣಜದ ಕೋಣೆಯನ್ನು ಗುರುತಿಸಿ, ಅದನ್ನೂ ಅರ್ಜಿಯಲ್ಲಿ ಸೇರಿಸಿದ್ದಾರೆ.