‘ನಾವು ಮಾಂಸ ಮುಟ್ಟೋರೇ ಅಲ್ಲ, ಮಿದುಳಿಗೆ ಹುಳ ಹೇಗೆ ಬಂತು ಡಾಕ್ಟ್ರೇ?’

ಎಂಆರ್‌ಐ ರಿಪೋರ್ಟಿನಲ್ಲಿ ‘ನ್ಯೂರೋಸಿಸ್ಟಿಸರ್ಕೋಸಿಸ್’, ಅಂದರೆ ಮಿದುಳಿನಲ್ಲಿ ಲಾಡಿಹುಳದ ಮರಿ ನೆಲೆಯಾಗುವ ರೋಗ, ಎಂದು ಬರೆದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಮಗುವಿಗೆ ಫಿಟ್ಸ್ ಬಂದ ಗಾಬರಿ ಒಂದು ಕಡೆ, ತಮ್ಮಿಂದಲೇ ಏನೋ ತಪ್ಪಾಯಿತೆಂಬ ಕೊರಗು ಇನ್ನೊಂದು ಕಡೆ. ಆ ಕೊರಗು ಖಂಡಿತ ಬೇಡ.

ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಬೆಳೆಯುವುದು ಲಾಡಿಹುಳ. ಅದು ಅಲ್ಲಿಂದ ಮಿದುಳಿಗೆ ಏರುವುದಿಲ್ಲ. ಅದರ ಮೊಟ್ಟೆಗಳು ಆ ವ್ಯಕ್ತಿಯ ಮಲದಲ್ಲಿ ಹೊರಬಿದ್ದು, ತೊಳೆಯದ ಕೈಯಿಂದಲೋ ಕೊಳಚೆ ನೀರಲ್ಲಿ ಬೆಳೆದ ಸೊಪ್ಪಿನಿಂದಲೋ ಬೇರೆಯವರ ಹೊಟ್ಟೆ ಸೇರುತ್ತವೆ. ಮೊಟ್ಟೆಯೊಡೆದು ಬಂದ ಮರಿ ಕರುಳಿನ ಗೋಡೆ ದಾಟಿ ರಕ್ತದಲ್ಲಿ ಹರಿದು ಮಿದುಳಿನಲ್ಲೋ ಸ್ನಾಯುವಿನಲ್ಲೋ ಕಣ್ಣಿನಲ್ಲೋ, ಅಪರೂಪಕ್ಕೆ ಬೆನ್ನುಹುರಿಯಲ್ಲೋ ನೆಲೆಯಾಗುತ್ತದೆ. ಹಾಗಾಗಿ ಮನೆಯಲ್ಲಿ ಕೋಳಿಮೊಟ್ಟೆಯನ್ನೂ ಬೇಯಿಸದವರಿಗೂ ಇದು ಬರಬಹುದು. ಎಲೆಕೋಸಿನ ಹುಳವೇ ಮಿದುಳಿಗೆ ಹೋಗುತ್ತದೆಂದು ನಂಬುವವರಿದ್ದಾರೆ. ಆದರೆ ಅಲ್ಲಿ ಕಾಣುವ ಹಸಿರು ಹುಳ ಚಿಟ್ಟೆ, ಪತಂಗಗಳ ಮರಿ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಹುಳ ಜೀವಂತವಾಗಿದ್ದಾಗ ಎಂಆರ್‌ಐಯಲ್ಲಿ ತೆಳು ಗೋಡೆಯ, ತಿಳಿನೀರು ತುಂಬಿದ ಒಂದು ಗುಳ್ಳೆ ಕಾಣುತ್ತದೆ. ಒಳಗೆ ಒಂದು ಬದಿಗೆ ಸಣ್ಣ ಚುಕ್ಕಿ. ಅದೇ ಹುಳದ ತಲೆ. ನಾನು ಮೊದಲು ಹುಡುಕುವುದು ಆ ಚುಕ್ಕಿಯನ್ನೇ. ಅದು ಸಿಕ್ಕರೆ ಅನುಮಾನ ಬಹುಪಾಲು ಮುಗಿದಂತೆ. ಈ ಸ್ಥಿತಿಯಲ್ಲಿ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಹುಳ ಸಾಯಲು ತೊಡಗಿದಾಗ ದೇಹ ಅದರ ಮೇಲೆ ಎರಗುತ್ತದೆ, ಸುತ್ತಲೂ ಊತ ಬರುತ್ತದೆ, ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಎದ್ದು ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಔಷಧಿ) ಕೊಟ್ಟರೆ ಗೋಡೆ ಉಂಗುರದಂತೆ ಬೆಳಗುತ್ತದೆ. ಫಿಟ್ಸ್ ಕಾಣಿಸಿಕೊಳ್ಳುವುದು ಹೆಚ್ಚಾಗಿ ಆಗಲೇ.

ಕಷ್ಟವಿರುವುದು ಈ ಉಂಗುರದಲ್ಲಿ. ಕ್ಷಯದ ಗಂಟೂ ಹೀಗೇ ಬೆಳಗುತ್ತದೆ. ಸಿಟಿ ಸ್ಕ್ಯಾನ್ ನಮ್ಮಲ್ಲಿ ಹೊಸದಾಗಿದ್ದ ಕಾಲದಲ್ಲಿ ಇಂಥ ಒಂಟಿ ಉಂಗುರ ಕಂಡವರಲ್ಲಿ ಅನೇಕರಿಗೆ ಕ್ಷಯದ ಮಾತ್ರೆ ಕೊಡುತ್ತಿದ್ದರು. 1980ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅಂಥ ಗಂಟುಗಳನ್ನು ತೆಗೆದು ಪರೀಕ್ಷಿಸಿದಾಗ ಹಲವದರಲ್ಲಿ ಸಿಕ್ಕಿದ್ದು ಈ ಹುಳದ ಮರಿ. 20 ಮಿಲಿಮೀಟರ್ ಮೀರದಿರುವುದು, ಮಿದುಳಿನ ನಡುಗೆರೆ ಪಕ್ಕಕ್ಕೆ ಸರಿಯದಿರುವುದು ಹುಳದ ಪರವಾದ ಗುರುತುಗಳೆಂದು ಅವರು ತೋರಿಸಿಕೊಟ್ಟರು. ಎಷ್ಟೋ ಜನರ ತಲೆಬುರುಡೆ ತೆರೆಯುವುದನ್ನು ತಪ್ಪಿಸಿದ ಕೆಲಸವದು. ಇಂದಿಗೂ ಉಂಗುರ ಕಂಡರೆ ಅಳತೆಪಟ್ಟಿ ಎಳೆಯದೆ ನಾನು ಮುಂದೆ ಹೋಗುವುದಿಲ್ಲ.

ಕಳೆದ ವರ್ಷ ಒಂಬತ್ತರ ಹುಡುಗಿಯೊಬ್ಬಳು ಬಂದಿದ್ದಳು. ಬಲಗೈ ಅದುರಿ ಪೆನ್ಸಿಲ್ ಜಾರಿತ್ತು. ಎಡ ಮಿದುಳಿನ ಮೇಲ್ಪದರದಲ್ಲಿ ಎಂಟು ಮಿಲಿಮೀಟರಿನ ಉಂಗುರ, ನಡುವೆ ಚುಕ್ಕಿ. ನರರೋಗ ತಜ್ಞರು ಕಣ್ಣಿನಲ್ಲಿ ಹುಳವಿಲ್ಲವೆಂದು ಪರೀಕ್ಷಿಸಿದ ಮೇಲೆ ಹುಳ ಕೊಲ್ಲುವ ಆಲ್ಬೆಂಡಜೋಲ್, ಜತೆಗೆ ಊತ ಇಳಿಸುವ ಸ್ಟೆರಾಯ್ಡ್, ಫಿಟ್ಸ್ ಮಾತ್ರೆ ಶುರು ಮಾಡಿದರು. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್. ಉಂಗುರ ಇರಲಿಲ್ಲ, ಊತವೂ ಇಳಿದಿತ್ತು. ಸಿಟಿಯಲ್ಲಿ ಮಾತ್ರ ಗಸಗಸೆಯಷ್ಟು ಬಿಳಿ ಚುಕ್ಕಿ ಉಳಿದಿತ್ತು, ಸುಣ್ಣಗಟ್ಟಿದ ಗಾಯ.

“ಇದೂ ಹೋಗತ್ತಾ ಡಾಕ್ಟ್ರೇ?” ಎಂದರು ತಾಯಿ.

“ಹುಳ ಸತ್ತುಹೋಗಿದೆಯಮ್ಮ. ಇದು ಗುರುತು, ಹೀಗೇ ಉಳಿಯಬಹುದು. ಇದರಿಂದಲೂ ಫಿಟ್ಸ್ ಬರೋ ಸಾಧ್ಯತೆ ಇದೆ. ಅದಕ್ಕೇ ನರರೋಗ ತಜ್ಞರು ಹೇಳೋವರೆಗೂ ಫಿಟ್ಸ್ ಮಾತ್ರೆ ನಿಲ್ಲಿಸಬೇಡಿ” ಎಂದೆ.